ನಾಲ್ಕು ಗಂಟೆಯ ನೀರು

ನಾರಾಯಣ ಪೇಠ, ಪುಣೆ
೧೪ ಫೆಬ್ರವರಿ ೧೯೭೭

ಚಿರಂಜೀವಿ ಮೋಹನದಾಸನಿಗೆ ಅಕ್ಕನ ಆಶೀರ್ವಾದ.

ದೀಪಾವಳಿಗೆ ಬಂದು ನಾಲ್ಕು ದಿನ ಉಂಡು ಮಲಗಿ ಹೋದವನು ಒಂದು ಕಾರ್ಡೂ ಹಾಕಲಿಲ್ಲ. ಪೋಸ್ಟಿನವನ ದಾರಿ ಕಾದು ಸಾಕಾಯಿತು. ಆದರೂ ನಿನ್ನ ಸಮಾಚಾರ ನನಗೆ ಸಿಕ್ಕಿಬಿಟ್ಟಿತು. ಹೇಗೆ ಹೇಳು ನೋಡೋಣ?

ಈ ಹವಾಮಾನದ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಒಂದೇ. ಹಡಗಿನವರು ದಿನಕ್ಕೆ ನಾಲ್ಕು ಸಲ ಗಾಳಿ, ಮೋಡ, ಅಲೆ, ಕಡಲ ನೀರಿನ ಉಷ್ಣಾಂಶ ನೋಡಿ ಲಾಗ್‌ಪುಸ್ತಕದಲ್ಲಿ ಬರೆದು ಕಳಿಸುತ್ತಾರೆ. ನಾನು ಅದನ್ನು ಪರೀಕ್ಷಿಸಿ, ಲೆಕ್ಕದ ಯಂತ್ರ ಓದುವ ಕಾರ್ಡಿಗೆ ತೂತು ಹೊಡೆಯುತ್ತೇನೆ. ಮೊನ್ನೆ ನಮ್ಮ ಸೆಕ್ಷನ್ನಿನ ಅವಧೂತರು ಒಂದು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು, "ಕುಸುಮಾಬಾಯಿ, ಇದನ್ನ ನೀವ ಮಾಡ್ರಿ. ಅಕ್ಷರ ಭಾಳ ಚಂದ ಅದಾವ" ಎಂದರು. ಸೊಲ್ಲಾಪುರದವರು, ಹೊಗಳುವುದು ವರ್ಷಕ್ಕೊಮ್ಮೆ. ತೆರೆದು ನೋಡಿದರೆ ನಿನ್ನ ಹಡಗು, ಎಂ.ವಿ. ಕನಕಮಾಲಾ, ಕಳೆದ ಜುಲೈ ಮತ್ತು ಆಗಸ್ಟ್. ಬರೆದವರಲ್ಲಿ ಒಬ್ಬ, ಚೀಫ್ ಮೇಟ್ ಮೋಹನದಾಸ್! ಇಷ್ಟು ವರ್ಷದಲ್ಲಿ ನಿನ್ನ ಹಡಗಿನ ಪುಸ್ತಕ ನನ್ನ ಕೈಗೆ ಬಂದದ್ದು ಇದು ಎರಡನೇ ಸಲ. ಅವಧೂತರಿಗೆ ಹೇಳದೆ ಇರಲಾಗಲಿಲ್ಲ. ಅಂದು ಸೆಕ್ಷನ್ನಿಗೆಲ್ಲ ಚಹಾ ಕೊಡಿಸಿದೆ.

ನಮ್ಮ ಹೊಸ ಗೆಳತಿಯೊಬ್ಬಳ ವಿಷಯ ಹೇಳುತ್ತೇನೆ. ಮನೆಯ ಎದುರುಗಡೆ ಕಟ್ಟಡ ಏಳುತ್ತಿದೆ, ಅಲ್ಲಿ ಇಟ್ಟಿಗೆ ಹೊರುವವಳು ಸಕ್ಕುಬಾಯಿ, ಯಾದಗಿರಿ ಕಡೆಯವಳು. ನೀರಿಗೆಂದು ಬರುತ್ತಾಳೆ, ಮಾತಿಗೆಂದು ಕೂರುತ್ತಾಳೆ. ಒಂದು ದಿನ ಕೇಳಿದಳು: "ಅಕ್ಕಾರ, ನೀವು ತೂತ ಹೊಡದ್ರ ಮಳಿ ಬರ್ತದೇನ್ರಿ?"

ನಾನು ಹೇಳಿದೆ: ಲೋಕದ ಉಳಿದ ಮಹಾಸಾಗರಗಳೆಲ್ಲ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಹರಡಿಕೊಂಡಿವೆ. ನಮ್ಮ ಹಿಂದೂ ಮಹಾಸಾಗರಕ್ಕೆ ಮಾತ್ರ ಉತ್ತರದಲ್ಲಿ ನೆಲ ಅಡ್ಡ ನಿಂತಿದೆ. ಬೇಸಿಗೆಯಲ್ಲಿ ಈ ನೆಲ ಕಾಯುತ್ತದೆ, ಕಡಲ ಗಾಳಿ ಇತ್ತ ತಿರುಗುತ್ತದೆ. ನೀರು ಎಲ್ಲಿ ಎಷ್ಟು ಬೆಚ್ಚಗಿದೆ ಎಂದು ವರ್ಷವರ್ಷ ತಿಳಿದಿಟ್ಟುಕೊಂಡರೆ ಮಳೆಯ ಗುಣ ಸ್ವಲ್ಪ ಮೊದಲೇ ತಿಳಿದೀತು, ಬರುವ ಮಳೆ ಬರುವಾಗಲೇ ಬರುತ್ತದೆ. ಅವಳು ಯೋಚಿಸಿ, "ಅಷ್ಟ ಗೊತ್ತಾದ್ರ ಸಾಕಲ್ರಿ, ಬಿತ್ತೂ ಬೀಜರ ಉಳೀತಾವ" ಎಂದಳು. ಆಫೀಸಿನ ದೊಡ್ಡವರು ಒಂದು ಗಂಟೆ ಭಾಷಣ ಮಾಡಿದರೂ ಇಷ್ಟು ಸರಿಯಾಗಿ ಹೇಳಲಾರರು.

ಬರೆ. ಮದುವೆಯ ಮಾತು ಎತ್ತುವುದಿಲ್ಲ, ಹೆದರಬೇಡ.

ನಿನ್ನ ಅಕ್ಕ,
ಕುಸುಮ


ಮೊಂಬಾಸಾ
೨೦ ಮಾರ್ಚ್ ೧೯೭೭

ಅಕ್ಕಾ,

ನಿನ್ನ ಕೈಯಿಂದ ತಪ್ಪಿಸಿಕೊಳ್ಳಲು ಸಮುದ್ರಕ್ಕೆ ಬಂದೆ, ಇಲ್ಲಿಯೂ ನನ್ನ ಪಾಟಿ ನೋಡಲು ನೀನೇ ಕೂತಿದ್ದೀಯೆ! ಚಹಾದ ಖರ್ಚು ಬಂದಾಗ ತೀರಿಸುತ್ತೇನೆ.

ಇಲ್ಲಿ ಮೂರು ದಿನದಿಂದ ಸರಕು ಇಳಿಸುತ್ತಿದ್ದೇವೆ. ಅಹಮದಾಬಾದಿನ ಬಟ್ಟೆ, ಲುಧಿಯಾನದ ಸೈಕಲ್ಲು, ಹೊಲಿಗೆ ಯಂತ್ರ. ಮುಂದೆ ದಾರೆಸ್ಸಲಾಮಿನಲ್ಲಿ ಗೋಣಿಗೋಣಿ ಗೇರುಬೀಜ ತುಂಬಿಕೊಂಡು ಮಂಗಳೂರಿಗೆ. ಅಮ್ಮ ಕಾರ್ಖಾನೆಯಲ್ಲಿ ಕೂತು ಸುಲಿಯುತ್ತಿದ್ದ ಬೀಜವೆಲ್ಲ ನಮ್ಮ ಗುಡ್ಡದ್ದೇ ಎಂದು ನಾವು ತಿಳಿದಿದ್ದೆವಲ್ಲ? ಅರ್ಧಕ್ಕರ್ಧ ಈ ಕರಾವಳಿಯಿಂದ ಹೋದದ್ದು. ಇಲ್ಲಿ ಹಡಗು ತಡವಾದರೆ ಅಲ್ಲಿ ಸಾವಿರ ಹೆಂಗಸರಿಗೆ ಆ ವಾರ ಕೆಲಸವಿಲ್ಲ. ಕೊಲ್ಲಿಯ ಕಡೆ ಹೋದರೆ ಎಣ್ಣೆಯ ಹಡಗುಗಳು ಒಂದರ ಹಿಂದೆ ಒಂದು ಇರುವೆ ಸಾಲಿನಂತೆ ಹೊರಬರುತ್ತವೆ. ಈ ನೀರು ಒಂದು ವಾರ ಮುಚ್ಚಿದರೆ ನಿಮ್ಮ ಪುಣೆಯ ಬಸ್ಸೂ ನಿಂತೀತು, ಜಪಾನಿನ ಕಾರ್ಖಾನೆಯೂ ನಿಂತೀತು.

ಒಳ್ಳೆಯ ಸುದ್ದಿ ಕೊನೆಗೆ ಇಟ್ಟಿದ್ದೇನೆ. ನಮ್ಮ ಕ್ಯಾಪ್ಟನ್ ಬಾಳಕೃಷ್ಣ, ಕಾರವಾರದವರು, ಕಂಪನಿಗೆ ನನ್ನ ಹೆಸರು ಬರೆದಿದ್ದಾರೆ. ಮುಂದಿನ ವರ್ಷ ನನಗೇ ಒಂದು ಹಡಗು. ಮೀನು ಹಿಡಿಯುತ್ತಿದ್ದ ತನಿಯಪ್ಪನ ಮಗ ಕ್ಯಾಪ್ಟನ್! ಅಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಬೆಳಕು ಹೋಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಮೋಹನ


ಪುಣೆ
೨೩ ಏಪ್ರಿಲ್ ೧೯೭೭

ಮೋಹನಾ,

ಕ್ಯಾಪ್ಟನ್ ಆಗುವ ಸುದ್ದಿ ಓದಿ ಕಣ್ಣು ತುಂಬಿತು. ದೇವರ ಮುಂದೆ ದೀಪ ಹಚ್ಚಿದೆ. ಈಗ ಬರೆಯುವುದನ್ನು ಬರೆಯದೆ ಇರಬೇಕೆಂದು ನಾಲ್ಕು ದಿನ ನೋಡಿದೆ, ಆಗಲಿಲ್ಲ.

ನಿನ್ನ ಪುಸ್ತಕವನ್ನು ಕಾರ್ಡಿಗೆ ಇಳಿಸುತ್ತಿದ್ದೇನೆ. ಕಳೆದ ಜುಲೈಯಲ್ಲಿ ನೀವು ಮೊಂಬಾಸಾದಿಂದ ಏಡನ್ನಿಗೆ ಸೊಮಾಲಿಯಾದ ಕರಾವಳಿ ಹಿಡಿದು ಹೋದಿರಿ. ಆ ಕಡಲನ್ನು ನಾನು ಕಂಡವಳಲ್ಲ, ಆದರೆ ಅಲ್ಲಿನ ನೀರು ನನಗೆ ನಮ್ಮ ಬಚ್ಚಲ ಹಂಡೆಗಿಂತ ಚೆನ್ನಾಗಿ ಗೊತ್ತು. ಮುಂಗಾರಿನ ಗಾಳಿ ಅಲ್ಲಿ ದಡದ ನೀರನ್ನು ಹೊರಕ್ಕೆ ತಳ್ಳುತ್ತದೆ, ಅಡಿಯಿಂದ ತಣ್ಣೀರು ಮೇಲೇಳುತ್ತದೆ. ಅದರ ಜೊತೆ ಮೀನಿನ ಮೇವೂ ಏಳುತ್ತದೆ. ಬಡಗು ಮುಖವಾಗಿ ಹೋದ ಹಾಗೆ ನೀರು ತಣ್ಣಗಾಗುತ್ತಲೇ ಹೋಗಬೇಕು.

ನಿಮ್ಮ ಪುಸ್ತಕದಲ್ಲಿ ಒಂದು ದಿನದ ಲೆಕ್ಕ ಹೀಗಿದೆ. ಸಂಜೆ ನಾಲ್ಕಕ್ಕೆ ನೀನು ಅಳೆದದ್ದು ೨೪.೬ ಡಿಗ್ರಿ. ರಾತ್ರಿ ಹತ್ತಕ್ಕೆ ನಿನ್ನ ಕೈಕೆಳಗಿನ ಥರ್ಡ್ ಮೇಟ್ ಅಳೆದದ್ದು ೨೨.೧. ಬೆಳಗಿನ ಜಾವ ನಾಲ್ಕಕ್ಕೆ ನೀನು ಬರೆದದ್ದು ಮತ್ತೆ ೨೪.೬. ಬೆಳಿಗ್ಗೆ ಹತ್ತಕ್ಕೆ ಥರ್ಡ್ ಮೇಟ್, ೧೯.೮. ನಡುವೆ ಆ ನೀರನ್ನು ಯಾರು ಕಾಯಿಸಿದರು? ಒಂದು ದಿನವಲ್ಲ, ಆ ಎರಡು ತಿಂಗಳಲ್ಲಿ ಇಪ್ಪತ್ತಾರು ದಿನ ಹೀಗೆಯೇ ಇದೆ. ಸಂಜೆಯ ನಾಲ್ಕು ಗಂಟೆಯ ಅಂಕಿ ಚಿನ್ನದಂತಿದೆ. ಬೆಳಗಿನ ನಾಲ್ಕರದ್ದು ಸಂಜೆಯದರ ನಕಲು.

ಅಳೆಯುವ ನೀರೆತ್ತಲು ಕಡಲಿಗೆ ಬಕೆಟ್ಟು ಇಳಿಸಲು ಬೇಸರವೇ? ಮಳೆಗಾಲದ ಕಡಲು, ಚಳಿ, ನಿದ್ದೆ, ಎಲ್ಲ ಒಪ್ಪಿದೆ. ಆದರೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಆ ಇಪ್ಪತ್ತಾರನ್ನೂ ಕೆಂಪು ಪೆನ್ಸಿಲಿನಿಂದ ನಾನೇ ಹೊಡೆದುಹಾಕಿದೆ. ತಮ್ಮನೆಂದು ಬಿಡುವ ಹಾಗಿಲ್ಲ, ಸಕ್ಕುಬಾಯಿಯ ಬೀಜದ ಪ್ರಶ್ನೆ ಅದು.

ಬೈದೆನೆಂದು ಸಿಟ್ಟಾಗಬೇಡ. ಸೋಮಾರಿತನ ನಿನ್ನ ಗುಣವಲ್ಲ. ಏನಾಯಿತು?

ಕುಸುಮಕ್ಕ


ಮಂಗಳೂರು ಬಂದರು
೧೨ ಮೇ ೧೯೭೭

ಅಕ್ಕಾ,

ಏನೂ ಆಗಿಲ್ಲ. ಜುಲೈಯಲ್ಲಿ ಸೊಮಾಲಿಯಾದ ಹತ್ತಿರ ಡೆಕ್ಕಿನ ಮೇಲೆ ನಿಲ್ಲುವುದೇ ಕಷ್ಟ, ಬಕೆಟ್ಟು ಯಾರು ಇಳಿಸುತ್ತಾರೆ? ಎಲ್ಲ ಹಡಗಿನಲ್ಲೂ ಎಲ್ಲರೂ ಹೀಗೇ ಬರೆಯುತ್ತಾರೆ. ನಿನ್ನ ಮೇಜಿನ ಮೇಲೆ ಅಲೆ ಬರುವುದಿಲ್ಲವಲ್ಲ, ಅದಕ್ಕೇ ನಿನಗೆ ಸುಲಭ.

ನಾಡಿದ್ದು ಹೊರಡುತ್ತೇವೆ. ಪುಣೆಗೆ ಬಂದು ಹೋಗಲು ರಜೆ ಸಿಗಲಿಲ್ಲ.

ಮೋಹನ


ಪುಣೆ
೬ ಜೂನ್ ೧೯೭೭

ಮೋಹನಾ,

ರಜೆ ಸಿಗಲಿಲ್ಲವೋ, ನನ್ನ ಮುಖ ನೋಡಲು ಆಗಲಿಲ್ಲವೋ?

ಎಲ್ಲರೂ ಹೀಗೇ ಬರೆಯುತ್ತಾರೆ ಎಂದೆ. ಅದೇ ಹಡಗಿನ ಥರ್ಡ್ ಮೇಟ್ ಅದೇ ಅಲೆಯಲ್ಲಿ ರಾತ್ರಿ ಹತ್ತಕ್ಕೆ ಬಕೆಟ್ಟು ಇಳಿಸಿದ್ದಾನೆ. ಕಪಾಟಿನಿಂದ ನಿನ್ನ ೧೯೭೩ರ ಪುಸ್ತಕ ತೆಗೆಸಿ ನೋಡಿದೆ. ಆಗ ಜಾವದ ನಾಲ್ಕರ ಅಂಕಿಗಳೂ ಕೂದಲೆಳೆಯಷ್ಟು ಸರಿ. ಹಾಗಾದರೆ ಕಷ್ಟ ಅಲೆಯದಲ್ಲ, ಕತ್ತಲೆಯದು.

ದೀಪಾವಳಿಗೆ ಬಂದಾಗ ಅಂಗಳದಲ್ಲಿ ಹಣತೆ ಇಡುವ ಹೊತ್ತಿಗೆ ನೀನು ಒಳಗೇ ಕೂತೆ. ತಲೆನೋವು ಎಂದೆ. ಮೆಟ್ಟಿಲಿಳಿಯುವಾಗ ಗೋಡೆ ಸವರಿದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ನೋಡದ ಹಾಗೆ ಇರುವುದು ನನಗೆ ಹಳೆಯ ಅಭ್ಯಾಸ. ಅದನ್ನೇ ಈಗ ಹೇಳಬೇಕು.

ಅಪ್ಪ ಹೇಗೆ ಹೋದರು ಎಂದು ನಿನಗೆ ಹೇಳಿದ್ದೇವೆ: ಅಳಿವೆ ಬಾಗಿಲಲ್ಲಿ ದೊಡ್ಡ ಅಲೆ ಬಂದು ದೋಣಿ ಮಗುಚಿತು. ಆಗ ನಿನಗೆ ಆರು, ನನಗೆ ಹದಿನಾಲ್ಕು. ಊರೂ ಅದನ್ನೇ ನಂಬಿದೆ. ನಿಜ ಏನೆಂದರೆ ಅದಕ್ಕೆ ಒಂದು ವರ್ಷದ ಹಿಂದಿನಿಂದಲೂ ಅಪ್ಪನಿಗೆ ಹೊತ್ತು ಮುಳುಗಿದರೆ ಕಾಣುತ್ತಿರಲಿಲ್ಲ. ಇರುಳುಗುರುಡು. ಸಂಜೆ ಕಡಲ ಬದಿಯಿಂದ ಮನೆಗೆ ನಾನು ಕರೆದುಕೊಂಡು ಬರುತ್ತಿದ್ದೆ, ನೋಡಿದವರಿಗೆ ಮಗಳ ಮೇಲಿನ ಪ್ರೀತಿ ಅನ್ನಿಸುತ್ತಿತ್ತು. "ಯಾರಿಗೂ ಹೇಳಬೇಡ ಮಗಾ, ಅಮ್ಮನಿಗೂ ಬೇಡ. ಗೊತ್ತಾದರೆ ನನ್ನನ್ನು ಯಾರೂ ದೋಣಿಗೆ ಕರೆಯುವುದಿಲ್ಲ" ಎಂದರು. ನಾನು ಆಣೆ ಮಾಡಿದೆ. ಆ ದಿನ ದೋಣಿ ತಡವಾಯಿತು. ಎಂದಿನಂತೆ ಅಪ್ಪನೇ ಹುಟ್ಟು ಹಿಡಿದಿದ್ದರು. ಅಳಿವೆಯ ಬಂಡೆ ಅವರಿಗೆ ಕಾಣಲಿಲ್ಲ. ಅವರ ಜೊತೆ ಇನ್ನಿಬ್ಬರು ಹೋದರು. ಆ ಇಬ್ಬರ ಹೆಂಡಂದಿರು ನಮ್ಮ ಅಮ್ಮನನ್ನು ತಬ್ಬಿಕೊಂಡು ಅತ್ತರು. ನಾನು ಮೂಲೆಯಲ್ಲಿ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಆಮೇಲೆ ಮಾವ ನಮ್ಮನ್ನು ಪುಣೆಗೆ, ಅವರ ಹೋಟೆಲಿಗೆ ಕರೆತಂದರು. ಆ ಊರು ಬಿಟ್ಟದ್ದಕ್ಕೆ ಎಲ್ಲರೂ ಅಳುವಾಗ ನನಗೆ ಮಾತ್ರ ಉಸಿರು ಬಂದಿತು.

ಇಪ್ಪತ್ತಾರು ವರ್ಷ ಯಾರಿಗೂ, ಕಣ್ಣು ಮುಚ್ಚುವವರೆಗೆ ಅಮ್ಮನಿಗೂ, ಹೇಳಿರಲಿಲ್ಲ. ಈಗ ನಿನಗೆ ಹೇಳಿದೆ.

ಚೀಫ್ ಮೇಟಿನ ಕಾವಲು ಬೆಳಗಿನ ನಾಲ್ಕರಿಂದ ಎಂಟು, ಸಂಜೆಯ ನಾಲ್ಕರಿಂದ ಎಂಟು. ಎರಡು ಹೊತ್ತೂ ಕತ್ತಲೆ ನಿನ್ನ ಪಾಲಿಗಿದೆ. ಕ್ಯಾಪ್ಟನ್ನರಿಗೆ ನೀನೇ ಹೇಳು. ಕೈ ಮುಗಿಯುತ್ತೇನೆ.

ಕುಸುಮಕ್ಕ


ದಾರೆಸ್ಸಲಾಂ
೫ ಜುಲೈ ೧೯೭೭

ಅಕ್ಕಾ,

ಹೌದು. ಕತ್ತಲಲ್ಲಿ ನನಗೆ ಕಾಣುವುದಿಲ್ಲ. ಎರಡು ವರ್ಷವಾಯಿತು. ಬರೆದುಕೊಟ್ಟೆನಲ್ಲ, ಸಮಾಧಾನವಾಯಿತೇ?

ಇದು ಅಪ್ಪನ ದೋಣಿಯಲ್ಲ. ರೇಡಾರ್ ಇದೆ, ಮುಂದೆ ನೋಡಲು ಜನ ಇದ್ದಾರೆ, ಚುಕ್ಕಾಣಿಗೆ ಸುಕಾಣಿ ಇದ್ದಾನೆ. ಒಂದು ವರ್ಷ ದಾಟಿಸಿದರೆ ಸಾಕು. ಕ್ಯಾಪ್ಟನ್ನನಿಗೆ ಕಾವಲಿನ ಪಾಳಿಯಿಲ್ಲ. ಹದಿನಾಲ್ಕು ವರ್ಷ ದುಡಿದಿದ್ದೇನೆ. ಡೆಕ್ಕು ತಿಕ್ಕುವುದರಿಂದ ಶುರುಮಾಡಿದವನು ನಾನು. ಹೇಳಿದ ದಿನವೇ ನನ್ನನ್ನು ಇಳಿಸುತ್ತಾರೆ. ಇಳಿದು ಏನು ಮಾಡಲಿ? ಮಾವನ ಗಲ್ಲಾದ ಮೇಲೆ ಕೂರಲೇ?

ಅಪ್ಪನ ವಿಷಯ ಈಗ ಹೇಳಿ ನನ್ನ ಕೈಕಾಲು ಕಟ್ಟಿದೆ. ನೀನು ಎಲ್ಲಿಯಾದರೂ ಬಾಯಿ ಬಿಟ್ಟರೆ ನಿನಗೆ ತಮ್ಮನಿಲ್ಲ ಎಂದು ತಿಳಿದುಕೋ.

ಮೋಹನದಾಸ್


ಪುಣೆ
೩೦ ಜುಲೈ ೧೯೭೭

ಮೋಹನಾ,

ನಿನ್ನ ಪತ್ರ ಬಂದ ದಿನ ಲೋಣಾವಳಾದ ಘಟ್ಟದಲ್ಲಿ ಮಣ್ಣು ಕುಸಿದು ಮುಂಬಯಿಯ ಗಾಡಿಗಳೆಲ್ಲ ನಿಂತಿದ್ದವಂತೆ. ಅದೊಂದು ಪತ್ರ ಮಾತ್ರ ಹೇಗೋ ಬಂದುಬಿಟ್ಟಿತು. ಬರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎರಡು ದಿನ ಆಫೀಸಿಗೆ ಹೋಗಲಿಲ್ಲ. ಸಕ್ಕುಬಾಯಿ ಬಂದು ಬಾಗಿಲಲ್ಲಿ ಕೂತಳು. ಹೆಸರು ಹೇಳದೆ, ಒಬ್ಬರಿಗೆ ಹೀಗೆ, ಅವರ ಮನೆಯವರಿಗೆ ಹೀಗೆ ಎಂದು ಹೇಳಿದೆ. ಅವಳೇನು ದಡ್ಡಿಯೇ? "ಅಕ್ಕಾರ, ಒಂದ ಮಾತ ಕೇಳ್ತೀನ್ರಿ. ಅಂವ ಸಿಟ್ಟಾದ್ರ ನಿಮ್ಮ ಸಂಗಾಟ ಮಾತ ಬಿಡ್ತಾನ. ಬಿಡ್ಲಿ. ಬದುಕಿದ್ದಾಂವ ಮಾತ ಬಿಟ್ರ ಒಂದಿನ ಮತ್ತ ಆಡ್ತಾನ. ಸತ್ತಾಂವ ಆಡ್ತಾನೇನ್ರಿ?" ಎಂದಳು. ಅವಳ ಗಂಡ ಹೋದ ವರ್ಷ ಕಟ್ಟಡಕ್ಕೆ ಹಗ್ಗದಿಂದ ಬಿಗಿದ ಬಿದಿರಿನ ಪರಂಚಿಯಿಂದ ಬಿದ್ದು ಸತ್ತವನು. ಹಗ್ಗ ಕೊಳೆತಿದೆ ಎಂದು ಕೆಳಗಿದ್ದ ಇಬ್ಬರಿಗೆ ಗೊತ್ತಿತ್ತಂತೆ.

ಇವತ್ತು ಬೆಳಿಗ್ಗೆ ಮೊಂಬಾಸಾದ ಏಜೆಂಟರ ವಿಳಾಸಕ್ಕೆ ಕ್ಯಾಪ್ಟನ್ ಬಾಳಕೃಷ್ಣರ ಹೆಸರಿನಲ್ಲಿ ರಿಜಿಸ್ಟರ್ ಪತ್ರ ಹಾಕಿದೆ. ಕದ್ದು ಮಾಡಬಾರದೆಂದು ನಿನಗೂ ಈಗಲೇ ಬರೆಯುತ್ತಿದ್ದೇನೆ. ಅದು ತಲುಪುವ ಮೊದಲು ನೀನೇ ಹೇಳಿದರೆ ನಿನ್ನ ಮರ್ಯಾದೆ ನಿನ್ನದು. ಹೇಳದಿದ್ದರೂ ಆ ಪತ್ರ ಅವರ ಕೈ ಸೇರುತ್ತದೆ.

ನಿನ್ನನ್ನು ಎತ್ತಿ ಬೆಳೆಸಿದ್ದು ನಾನು. ನಿನಗಿಂತ ಹೆಚ್ಚು ಈ ಲೋಕದಲ್ಲಿ ನನಗೆ ಯಾರೂ ಇಲ್ಲ. ಅಕ್ಕನಿಲ್ಲ ಅಂದುಕೊಂಡೇ ಬದುಕಿರು, ಮೋಹನಾ. ಬದುಕಿರು.

ಕುಸುಮ


ಮೊಂಬಾಸಾ
೨ ಸೆಪ್ಟೆಂಬರ್ ೧೯೭೭

ಅಕ್ಕಾ,

ಇದನ್ನು ಕ್ಯಾಪ್ಟನ್ನರ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವರೇ ಕೂರಿಸಿ ಹೊರಗೆ ಹೋದರು.

ಆಗಸ್ಟ್ ಇಪ್ಪತ್ತೊಂದರ ಸಂಜೆ. ಪೆಂಬಾ ದ್ವೀಪ ದಾಟಿ ಇತ್ತ ಬರುತ್ತಿದ್ದೆವು. ಹೊತ್ತು ಮುಳುಗಿ ಕಾಲು ಗಂಟೆಯಾಗಿತ್ತು. ಉಳಿದವರಿಗೆ ಅದು ಇನ್ನೂ ಬೆಳಕು, ನನಗೆ ತಲೆಯ ಮೇಲೆ ಕಂಬಳಿ ಹೊದಿಸಿದ ಹಾಗೆ. ನಾನು ಹಡಗು ನಡೆಸುವ ಕೋಣೆಯ, ಬ್ರಿಡ್ಜಿನ, ಕಿಟಕಿಯಲ್ಲಿ ನೇರವಾಗಿ ಮುಂದೆ ನೋಡುತ್ತ ನಿಂತಿದ್ದೆ. ನೋಡುವವನ ಹಾಗೆ ನಿಲ್ಲುವುದನ್ನು ಚೆನ್ನಾಗಿ ಕಲಿತಿದ್ದೇನೆ. ಹಿಂದಿನಿಂದ ಸುಕಾಣಿ, ರತ್ನಾಗಿರಿಯ ಮುದುಕ, "ಸಾಬ್, ಹೋಡೀ!" ಎಂದು ಕೂಗಿದ. ಕೂಗುತ್ತಲೇ ಚಕ್ರ ತಿರುಗಿಸಿಬಿಟ್ಟಿದ್ದ. ನಮ್ಮ ಪಕ್ಕದಲ್ಲಿ ಹದಿನೈದು ಮಾರು ದೂರದಲ್ಲಿ ಒಂದು ದೋಣಿ ಹಾದುಹೋಯಿತು. ಮರದ ಸಣ್ಣ ದೋಣಿ, ದೀಪವಿಲ್ಲ, ರೇಡಾರಿಗೂ ಸಿಕ್ಕಿರಲಿಲ್ಲ. ತೀರ ಹತ್ತಿರ ಬಂದಾಗ ಹಡಗಿನ ದೀಪದಲ್ಲಿ ನನಗೂ ಕಂಡಿತು. ನಾಲ್ಕು ಜನ. ಒಬ್ಬ ಎದ್ದು ನಿಂತು ಎರಡೂ ಕೈ ಎತ್ತಿದ್ದ.

ಸುಕಾಣಿ ಅಪ್ಪಣೆಯಿಲ್ಲದೆ ಚಕ್ರ ತಿರುಗಿಸುವ ಹಾಗಿಲ್ಲ, ನಿನಗೆ ಗೊತ್ತಿರಲಾರದು. ಅವನು ಯಾಕೆ ತಿರುಗಿಸಿದ ಎಂದರೆ ಜುಲೈ ಮೊದಲ ವಾರ ನಾನೇ ಅವನಿಗೆ ಹೇಳಿಟ್ಟಿದ್ದೆ: "ಸಂಜೆ ಹೊತ್ತು ಏನಾದರೂ ಕಂಡರೆ ನನ್ನನ್ನು ಕೇಳುತ್ತ ನಿಲ್ಲಬೇಡ, ಮೊದಲು ತಿರುಗಿಸು." ಅಪ್ಪನ ವಿಷಯ ಬರೆದ ನಿನ್ನ ಪತ್ರಕ್ಕೆ ಬೈದು ಉತ್ತರ ಹಾಕಿ ಬಂದ ಸಂಜೆಯೇ ಹೇಳಿದ್ದು. ಬೈಯುವುದನ್ನೂ ಬೈದೆ, ಹೆದರುವುದನ್ನೂ ಹೆದರಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಯಾಪ್ಟನ್ನರ ಮುಂದೆ ನಿಂತು ಎಲ್ಲ ಹೇಳಿದೆ. "ಎಷ್ಟು ದಿನದಿಂದ?" ಎಂದರು. ಎರಡು ವರ್ಷ ಎಂದೆ. ಕಾವಲಿನ ಪಟ್ಟಿ ತೆಗೆದು ನನ್ನ ಹೆಸರು ಹೊಡೆದುಹಾಕಿದರು. ಆಮೇಲೆ, "ಇವತ್ತಿನಿಂದ ನಿಮಗೆ ಕಾವಲಿಲ್ಲ ಮಾರಾಯರೇ. ಮುಂಬಯಿಯಲ್ಲಿ ಇಳಿಯಿರಿ" ಎಂದರು.

ನಿನ್ನ ಎರಡೂ ಪತ್ರ ಇಲ್ಲಿ ಬಂದರಿನಲ್ಲಿ ಮೊನ್ನೆ ಒಟ್ಟಿಗೆ ಸಿಕ್ಕವು. ಕ್ಯಾಪ್ಟನ್ನರು ತಮ್ಮದನ್ನು ಓದಿ ನನ್ನ ಕೈಗೇ ಕೊಟ್ಟರು. "ನಿಮ್ಮ ಅಕ್ಕನಿಗೆ ನಾನು ಏನಂತ ಬರೆಯುವುದು? ನೀವೇ ಬರೆಯಿರಿ" ಎಂದರು. ಅದರಲ್ಲಿ ನೀನು ಬರೆದಿದ್ದೆ: "ಹಗಲಿನಲ್ಲಿ ನನ್ನ ತಮ್ಮನಷ್ಟು ಸರಿಯಾಗಿ ನೀರು ಅಳೆದವರನ್ನು ಈ ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ. ಅವನನ್ನು ಕಳ್ಳನೆಂದು ತಿಳಿಯಬೇಡಿ." ಅಲ್ಲಿಂದ ಮುಂದೆ ಓದಲಾಗಲಿಲ್ಲ.

ಅಕ್ಕಾ, ಅಪ್ಪನ ಜೊತೆ ಹೋದ ಆ ಇಬ್ಬರನ್ನು ಮುಳುಗಿಸಿದ್ದು ನೀನಲ್ಲ. ನೀನು ಹದಿನಾಲ್ಕರ ಹುಡುಗಿ, ಅಪ್ಪನಿಗೆ ಕೊಟ್ಟ ಮಾತು ಉಳಿಸಿದೆ. ನಿನ್ನಿಂದ ಅಂಥ ಮಾತು ತೆಗೆದುಕೊಳ್ಳಬಾರದಿತ್ತು ಅಪ್ಪ. ಆದರೆ ಈ ನಾಲ್ಕು ಜನ, ಹೆಸರು ಗೊತ್ತಿಲ್ಲದವರು, ಆ ಸಂಜೆ ಮನೆಗೆ ಹೋಗಿ ಊಟ ಮಾಡಿದ್ದು ನಿನ್ನಿಂದ.

ಅಕ್ಟೋಬರ್ ಎಂಟಕ್ಕೆ ಮುಂಬಯಿ ತಲುಪುತ್ತೇವೆ. ಆಮೇಲಿನದು ಗೊತ್ತಿಲ್ಲ. ಬಂದರಿನ ತರಬೇತಿ ಶಾಲೆಗೆ ಒಂದು ಪತ್ರ ಕೊಡುತ್ತೇನೆ ಎಂದಿದ್ದಾರೆ ಕ್ಯಾಪ್ಟನ್. ಹಗಲಿನ ಪಾಠ. ನೋಡೋಣ. ಈಗಂತೂ ಎದೆಯೊಳಗೆ ಬರಿದೋ ಬರಿದು.

ನಿನ್ನ ತಮ್ಮ,
ಮೋಹನ


ಪುಣೆ
೨೭ ಸೆಪ್ಟೆಂಬರ್ ೧೯೭೭

ಮೋಹನಾ,

ಇದು ಮುಂಬಯಿಯ ಏಜೆಂಟರಲ್ಲಿ ನಿನಗಾಗಿ ಕಾದಿರುತ್ತದೆ. ನಿನ್ನ ಪತ್ರವನ್ನು ಸೈಕಲ್ಲಿನ ಮೇಲೆಯೇ ಓದಲು ಹೋಗಿ ಲಕ್ಷ್ಮೀ ರಸ್ತೆಯಲ್ಲಿ ಒಬ್ಬರಿಗೆ ಗುದ್ದಿದೆ. ಅವರು ಮರಾಠಿಯಲ್ಲಿ ಬೈದರು, ನಾನು ಅಳುತ್ತಲೇ ನಕ್ಕೆ. ಸಕ್ಕುಬಾಯಿಗೆ ಹೇಳಿದೆ. ಅವಳು ಎರಡು ಕೊಡ ನೀರು ನನಗೇ ತುಂಬಿಟ್ಟು ಹೋದಳು.

ಕಣ್ಣಿನ ಡಾಕ್ಟರರಲ್ಲಿಗೆ ಹೋಗೋಣ. ವಾಸಿಯಾಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಕ್ಯಾಪ್ಟನ್ ಆಗಬೇಕಿದ್ದವನು ನೀನು, ಅದು ನನ್ನ ಎದೆಗೂ ಚುಚ್ಚುತ್ತದೆ, ಚುಚ್ಚುತ್ತಲೇ ಇರುತ್ತದೆ. ಬರಿದು ಅಂದೆಯಲ್ಲ, ಅದು ತುಂಬಲು ನನ್ನ ಬಳಿ ಮದ್ದಿಲ್ಲ. ಅಡುಗೆ ಇದೆ, ಮನೆ ಇದೆ, ನಾನಿದ್ದೇನೆ.

ಒಂದು ಮಾತು ನಡೆಸಿಕೊಡು. ನಾನು ಬರುವವರೆಗೆ ಹಡಗಿನಿಂದ ಇಳಿಯಬೇಡ. ರಜೆ ಬರೆದುಕೊಟ್ಟಿದ್ದೇನೆ, ಒಂಬತ್ತನೇ ತಾರೀಖು ಬೆಳಗಿನ ಗಾಡಿಗೆ ಬರುತ್ತೇನೆ. ಇಷ್ಟು ವರ್ಷ ಇಡೀ ಸಾಗರವನ್ನು ಕಾರ್ಡಿಗೆ ತೂತು ಹೊಡೆದವಳು ಒಂದೇ ಒಂದು ಹಡಗನ್ನೂ ಹತ್ತಿಲ್ಲ. ಕ್ಯಾಪ್ಟನ್ನರನ್ನು ಕೇಳಿ ನನ್ನನ್ನು ಮೇಲೆ ಕರೆದುಕೊಂಡು ಹೋಗು. ನೀನು ನಿಲ್ಲುತ್ತಿದ್ದ ಜಾಗದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಒಂದು ಸಲ ನಿಲ್ಲು, ನಾನು ನೋಡಬೇಕು.

ಹನ್ನೊಂದು ಗಂಟೆಗೆಲ್ಲ ಬಂದರಿನಲ್ಲಿರುತ್ತೇನೆ. ಆಗ ಬೇಕಾದಷ್ಟು ಬಿಸಿಲಿರುತ್ತದೆ.

ನಿನ್ನ ಅಕ್ಕ,
ಕುಸುಮ